ಸಾಂಚೋ ದೊರೆಯ ಕೊನೆಯ ಸೇಬು

"ಈ ಸೇಬು ತಿಂದವನನ್ನ ನಾನು ಎಲ್ಲಿ ತಗೊಂಡು ಹೋಗಿ ಇಡಲಿ?" ಎಂದು ಶ್ರೀಕಂಠಯ್ಯನವರು ಗೋಡೆಯ ಏಸಿಯನ್ನು ಕೇಳಿದರು. ಅದು ತನ್ನ ಪಾಡಿಗೆ ಗುರುಗುಡುತ್ತಿತ್ತು.

ಕೊಲ್ಲಿ ದೇಶದ ಅಲ್ ಬರ್ಷಾ ಬಡಾವಣೆಯಲ್ಲಿ ಬಿಂದುವಿನ ಫ್ಲ್ಯಾಟು; ಹನ್ನೊಂದನೆಯ ಶುಕ್ರವಾರದ ಗಮಕ. ಶ್ರೀಕಂಠಯ್ಯನವರ ವೀಸಾ ಕ್ಯಾನ್ಸಲ್ ಆಗಿತ್ತು, ಭಾನುವಾರ ಮೈಸೂರಿಗೆ ವಾಪಸು ಪ್ರಯಾಣ. ತಾವು ಬರೆದ ಷಟ್ಪದಿ ಕಾವ್ಯವನ್ನು ಕೊನೆಯ ಪದ್ಯದವರೆಗೂ ಕೇಳಿ ಹೋಗಬೇಕೆಂಬುದೊಂದೇ ಅವರ ಆಸೆ. ನಾನು ಪ್ರತಿ ವಾರ ಬಾಗಿಲ ಪಕ್ಕ ಕುಳಿತು ಕೇಳಿದವನು, ಅಷ್ಟೆ.

ಕಾವ್ಯದ ನಾಯಕ ಸಾವಿರ ವರ್ಷದ ಹಿಂದಿನ ಸ್ಪೇನಿನ ಲಿಯೋನ್ ರಾಜ್ಯದ ದೊರೆ ಸಾಂಚೋ. ಸಕ್ಕರೆ ಕಾಯಿಲೆಗೆ ತೂಕ ಇಳಿಸಿ ಎಂದು ಡಾಕ್ಟರು ಗದರಿದ ದಿನ ಕ್ಲಿನಿಕ್ಕಿನ ಹಳೆಯ ಪತ್ರಿಕೆಯೊಂದರಲ್ಲಿ ಶ್ರೀಕಂಠಯ್ಯನವರಿಗೆ ಸಿಕ್ಕಿದವನು. ಕುದುರೆ ಹತ್ತಲಾರದಷ್ಟು ದಪ್ಪಗಾದನೆಂದು ಸರದಾರರು ಅವನನ್ನು ಸಿಂಹಾಸನದಿಂದ ಇಳಿಸಿದರು. ಅಜ್ಜಿ ತೋದಾ ಅವನನ್ನು ಕೊರ್ದೋಬಾಕ್ಕೆ, ಖಲೀಫನ ವೈದ್ಯನ ಬಳಿಗೆ ಕರೆದೊಯ್ದಳು. ಮೈ ಇಳಿಸಿಕೊಂಡು ಬಂದು ರಾಜ್ಯವನ್ನು ಮತ್ತೆ ಗೆದ್ದ. ಕೆಲವು ವರ್ಷಗಳ ಮೇಲೆ, ಶರಣಾಗತನಂತೆ ಬಂದ ಸಾಮಂತನೊಬ್ಬ ಕೊಟ್ಟ ವಿಷದ ಸೇಬು ತಿಂದು ಸತ್ತ.

ಹಾಡುವವರು ದೂರದ ಖಲೀಫಾ ಸಿಟಿ ಬಡಾವಣೆಯಿಂದ ಬರುವ ಚಾಮುಂಡೇಶ್ವರಮ್ಮ. ಅವರಿಗೆ ಡ್ಯೂಟಿ ಬಿದ್ದು ಎರಡು ಶುಕ್ರವಾರ ತಪ್ಪಿತ್ತು. ಪಥ್ಯದ ಪದ್ಯಗಳ ದಿನ ಬಿಂದು ಬಿಸಿ ಹೋಳಿಗೆ ತಂದಿಟ್ಟು ಎಲ್ಲ ನಗೆಯಲ್ಲಿ ಕೊಚ್ಚಿಹೋಗಿತ್ತು. ಈಗ ಉಳಿದದ್ದು ಒಂದೇ ಪದ್ಯ, ಸೇಬಿನದು. ಆದರೆ ಗಮಕವನ್ನು ಸಾವಿನ ಮೇಲೆ ನಿಲ್ಲಿಸುವ ಪದ್ಧತಿಯಿಲ್ಲ. ಪಟ್ಟವೋ ಮದುವೆಯೋ ಬರುವ ತನಕ ಹಾಡಿ ಮಂಗಳ ಹೇಳಬೇಕು. ಅದರಲ್ಲೂ ಬಿಂದುವಿಗೆ ಏಳು ತಿಂಗಳು.

ಸತ್ತವನ ಮಗ ರಮೀರೋ ಐದು ವರ್ಷಕ್ಕೇ ದೊರೆಯಾದನಲ್ಲ, ಅವನ ಪಟ್ಟದ ಮೇಲೆ ಒಂದು ಪದ್ಯ ಈಗಲೇ ಕಟ್ಟಿಕೊಡಿ, ಎರಡನ್ನೂ ಹಾಡುತ್ತೇನೆ ಎಂದರು ಚಾಮುಂಡೇಶ್ವರಮ್ಮ. ಶ್ರೀಕಂಠಯ್ಯನವರು ಪೆನ್ನು ಹಿಡಿದು ಅರ್ಧ ಗಂಟೆ ಕುಳಿತರು. ಎರಡು ಸಾಲು ಬರೆದು ಹೊಡೆದು ಹಾಕಿದರು.

"ಆ ಮಗೂನೂ ಬೆಳೆದ ಮೇಲೆ ಪಟ್ಟ ಕಳಕೊಂಡ ಕಣಮ್ಮ. ಗೊತ್ತಿದ್ದೂ ಯಾವ ಬಾಯಲ್ಲಿ ಮಂಗಳ ಬರೀಲಿ? ನನ್ನ ಕಥೆ ಸೇಬಿಗೇ ಮುಗೀತು."

"ಮೂರು ವರ್ಷ ಕೂತು ಬರೆದಿದೀರಿ, ಒಂದು ಕಿರೀಟ ಇಡೋಕೆ ಜಿಪುಣತನವೇ?"

"ಭಾನುವಾರ ಹೋಗೋನು ನಾನು. ಆರು ಸಾಲು ತಾಯಿ. ಮುಖಾರಿಯಲ್ಲಿ, ಮೆಲ್ಲಗೆ ಹೇಳಿಬಿಡಿ."

ಬಿಂದು ಸೋಫಾದಿಂದಲೇ ಹೇಳಿದಳು: "ಹಾಡಿ ಆಂಟಿ, ನಂಗೇನೂ ಆಗಲ್ಲ. ಬೇಕಾದ್ರೆ ಅಡುಗೆಮನೇಲಿ ಇರ್ತೀನಿ."

ಚಾಮುಂಡೇಶ್ವರಮ್ಮ ಹಾಳೆಗಳನ್ನು ಜೋಡಿಸಿ, ಕಣ್ಣಿಗೊತ್ತಿಕೊಂಡು, ಅವರ ಮುಂದಿಟ್ಟರು.

"ಇಲ್ಲ ಶ್ರೀಕಂಠಯ್ಯನೋರೇ. ನಾನು ಹಾಡೋದಿಲ್ಲ."