ಕೆಮ್ಮಿದರೆ ನಿಲ್ಲುವ ಕುದುರೆ

ಹೊರಗೆ ಚಳಿಗೆ ನೆಲ ಹೆಪ್ಪುಗಟ್ಟಿ ಕಲ್ಲಾದ ಮೇಲೆ ಕುದುರೆ ಪಳಗಿಸುವ ಕೆಲಸವೆಲ್ಲ ತಗಡಿನ ಶೆಡ್ಡಿನೊಳಗೇ. ಮರದ ಪುಡಿ ಹರಡಿದ ನೆಲ, ನಾಲ್ಕು ಗೋಡೆ, ಚಿಲಕ ಹಾಕಿದ ಬಾಗಿಲು. ಅವಳು ಕೆಂಚಿ ಎಂಬ ಕುದುರೆಯ ಮೇಲೆ ಕೂತು ಸುತ್ತು ಹೊಡೆಯುತ್ತಿದ್ದಳು. ದೊಡ್ಡಪ್ಪ ಬಾಗಿಲ ಪಕ್ಕದ ಸ್ಟೂಲಿನಿಂದಲೇ ಕಲಿಸುತ್ತಿದ್ದರು. ಲಾಯ ಅವರದು, ಅಪ್ಪ ಸತ್ತ ಮೇಲೆ ಅವಳನ್ನು ಸಾಕಿದ್ದೂ ಅವರೇ. ಬೇರೆ ಕಡೆ ಹೋಗುವ ಆಸೆಯನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ.

ದೊಡ್ಡಪ್ಪನಿಗೆ ಚಳಿಗಾಲವಿಡೀ ಕೆಮ್ಮು. “ನಿಲ್ಸು” ಅನ್ನುವ ಮೊದಲು ಒಮ್ಮೆ ಕೆಮ್ಮಲೇಬೇಕು. ಬರಬರುತ್ತ ಕೆಂಚಿ ಮಾತಿಗೆ ಕಾಯದೆ ಕೆಮ್ಮಿಗೇ ಗಕ್ಕನೆ ನಿಲ್ಲತೊಡಗಿತು.

“ನನ್ನ ಗಂಟಲಿಗಾದ್ರೂ ಮರ್ಯಾದೆ ಕೊಡೋರಿದ್ದಾರಲ್ಲ” ಎಂದು ದೊಡ್ಡಪ್ಪ ನಗುತ್ತಿದ್ದರು.

ಆವತ್ತು ದೊಡ್ಡ ಸವಾರಿ ಶಾಲೆಯ ಮೇಷ್ಟ್ರು ಬಂದರು. ತಮ್ಮ ಕರಿ ಕುದುರೆಯನ್ನೂ ವ್ಯಾನಿನಲ್ಲಿ ತಂದಿದ್ದರು. ಅವಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದೋ ಬೇಡವೋ ಅಂದೇ ತೀರ್ಮಾನ. ಅವರನ್ನು ಕರೆಸಿದವರು ದೊಡ್ಡಪ್ಪನೇ.

ಮೊದಮೊದಲು ಚೆನ್ನಾಗಿಯೇ ಹೋಯಿತು. ದೊಡ್ಡಪ್ಪ ಕೆಮ್ಮಿದರು. ಕೆಂಚಿ ನಿಂತಿತು.

“ಇದಕ್ಕೆ ಆ ಕೆಮ್ಮು ಅಭ್ಯಾಸ ಆಗ್ಬಿಟ್ಟಿದೆ ಸಾರ್” ಎಂದಳು ಅವಳು.

“ಹಾಗೋ? ನನ್ನ ಕುದುರೆ ಹತ್ತು. ಅದು ಇವ್ರ ಕೆಮ್ಮು ಕೇಳೇ ಇಲ್ಲ.”

ಕರಿ ಕುದುರೆ ಹಗುರವಾಗಿ ಓಡಿತು. ದೊಡ್ಡಪ್ಪ ಮಫ್ಲರನ್ನು ಬಾಯಿಗೆ ಒತ್ತಿ ಹಿಡಿದರು. ಆದರೂ ಕೆಮ್ಮು ತಡೆಯಲಾಗಲಿಲ್ಲ. ಕರಿ ಕುದುರೆಯೂ ನಿಂತಿತು.

ಅವಳು ತನ್ನ ಕೈ ನೋಡಿಕೊಂಡಳು. ಲಗಾಮು ಬಿಗಿದಿತ್ತು. ಬೆನ್ನು ತಾನಾಗಿಯೇ ಹಿಂದಕ್ಕೆ ವಾಲಿತ್ತು.

“ಅಭ್ಯಾಸ ಆಗಿರೋದು ಯಾರಿಗಮ್ಮ?” ಎಂದರು ಮೇಷ್ಟ್ರು, ಮೆಲ್ಲಗೆ.

ದೊಡ್ಡಪ್ಪ ಎದ್ದರು. “ನಾನು ಹೊರಗಿರ್ತೀನಿ.”

“ಬೇಡ ದೊಡ್ಡಪ್ಪ, ಕೂತ್ಕೊಳ್ಳಿ. ಕೆಮ್ಮಿ.”

“ಕೆಮ್ಮು ಅಂದ ತಕ್ಷಣ ಬರೋಕೆ ಅದೇನು ನಾನು ಪಳಗಿಸಿದ್ದಾ?”

ಅವಳು ಮತ್ತೆ ಸುತ್ತಿದಳು. ಗೋಡೆ, ಮೂಲೆ, ಬಾಗಿಲು, ಮತ್ತೆ ಗೋಡೆ. ಕೆಮ್ಮು ಬರಲಿಲ್ಲ. ಈಗ ಬಂತು, ಈಗ ಬಂತು ಎಂದು ಕಾದು ಕಾದು ಅವಳ ಬೆನ್ನು ಮರಗಟ್ಟಿತು. ಕೊನೆಗೂ ಬಂತು. ಬೆರಳುಗಳು ಬಿಗಿಯತೊಡಗಿದವು. ಅವನ್ನು ಒಂದೊಂದಾಗಿ ಸಡಿಲಿಸಿ ಹಿಮ್ಮಡಿ ಒತ್ತಿದಳು. ಕುದುರೆ ಬಾಗಿಲು ದಾಟಿ ಮುಂದೆ ಹೋಯಿತು.

ದೊಡ್ಡಪ್ಪ ಇನ್ನೊಮ್ಮೆ ಕೆಮ್ಮಿದರು. ಇದು ಬೇಕೆಂದೇ ಕೆಮ್ಮಿದ್ದೆಂದು ಅವಳಿಗೆ ಗೊತ್ತಾಯಿತು. ನಿಲ್ಲಲಿಲ್ಲ.

“ನೆಲ ಕರಗಿದ ಮೇಲೆ ಕಳಿಸ್ಕೊಡಿ” ಎಂದರು ಮೇಷ್ಟ್ರು.

ಅಲ್ಲಿಯ ತನಕ ಇದೇ ಶೆಡ್ಡು, ಇದೇ ಸುತ್ತು. ಅವಳು ಇನ್ನೂ ಸುತ್ತುತ್ತಲೇ ಇದ್ದಳು. ದೊಡ್ಡಪ್ಪ ಈಗ ಬಾಯಿಬಿಟ್ಟೇ ಹೇಳಬೇಕಾಯಿತು:

“ನಿಲ್ಸಮ್ಮ.”