ಮುಚ್ಚಿದ ಬಾಗಿಲಾಚೆಯ ಗಿಟಾರ್

ಹೋಟೆಲಿನವರೆಲ್ಲ ಅವನಿಗೆ ‘ಸರ್ವವಾದ್ಯ’ ಎಂದು ಹೆಸರಿಟ್ಟಿದ್ದರು. ಅದು ಹೊಗಳಿಕೆಯೆಂದೇ ಅವನು ನಂಬಿದ್ದ, ಪಾಪ. ಊಟದ ಹಾಲ್‌ನ ಮೂಲೆಯ ವೇದಿಕೆಯಲ್ಲಿ ಸಂಜೆಹೊತ್ತು ಅವನದು ಕೀಬೋರ್ಡ್, ಹೆಂಡತಿಯ ತಮ್ಮನದು ಎಲೆಕ್ಟ್ರಿಕ್ ಗಿಟಾರ್. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಈಗ ಮ್ಯಾನೇಜರು ಇಬ್ಬರನ್ನೂ ಕರೆದು, ಅರ್ಧ ವೇದಿಕೆಯ ಜಾಗಕ್ಕೆ ಐಸ್‌ಕ್ರೀಂ ಕೌಂಟರ್ ಬರುತ್ತದೆ, ಒಂದನೇ ತಾರೀಖಿನಿಂದ ಒಬ್ಬರೇ ಸಾಕು ಎಂದುಬಿಟ್ಟರು.

“ಶನಿವಾರ ಬೆಳಿಗ್ಗೆ ಇಬ್ಬರೂ ಒಬ್ಬರಾದ ಮೇಲೊಬ್ಬರು ಒಂದೇ ಹಾಡು ನುಡಿಸಿ. ನಾನು ರೂಮಲ್ಲಿ ಬಾಗಿಲು ಹಾಕ್ಕೊಂಡು ಕೇಳ್ತೀನಿ. ಮುಖ ನೋಡಿದ್ರೆ ದಾಕ್ಷಿಣ್ಯ ಬರುತ್ತೆ.”

ಭಾವಮೈದುನ ಹೊರಗೆ ಹೋದದ್ದೇ ತಡ, ಸರ್ವವಾದ್ಯ ಬಾಯಿಬಿಟ್ಟ. “ಸಾರ್, ನನ್ನನ್ನ ಇಟ್ಕೊಂಡ್ರೆ ಗಿಟಾರೂ ಬಂದ ಹಾಗೇ. ನನ್ನ ಕೀಬೋರ್ಡ್ ಪೆಟ್ಟಿಗೇಲಿ ನಲವತ್ತು ಥರದ ಗಿಟಾರ್ ಸೌಂಡ್ ಇವೆ.”

“ಹಾಗಾದ್ರೆ ಅವತ್ತು ಗಿಟಾರನ್ನೇ ಕೇಳಿಸಿ, ನೋಡೋಣ.”

ನಲವತ್ತಿದ್ದದ್ದು ಸುಳ್ಳಲ್ಲ. ಆದರೆ ಮನೆಗೆ ಬಂದು ಕೀಬೋರ್ಡನ್ನು ಮಂಚದ ಮೇಲಿಟ್ಟು ಒತ್ತಿದರೆ ಬಂದದ್ದು ಗಿಟಾರಲ್ಲ, ಡಬ್ಬದೊಳಗೆ ಸಿಕ್ಕಿಬಿದ್ದ ಜೀರುಂಡೆ. ಹತ್ತೂ ಬೆರಳು ಹಾಕಿದ, ಹತ್ತು ಜೀರುಂಡೆಗಳಾದವು. ಅಡುಗೆಮನೆಯಿಂದ ಹೆಂಡತಿ, “ಅಯ್ಯೋ, ಮಿಕ್ಸಿ ಕೆಟ್ಟಿತು ಅಂದ್ಕೊಂಡೆ. ನೀವಾ?” ಎಂದಳು.

ಕೊನೆಗೆ ಅವನು ಯಾರ ಅನ್ನಕ್ಕೆ ಕಲ್ಲು ಹಾಕಹೊರಟಿದ್ದನೋ ಅವನ ಬಳಿಗೇ ಹೋದ. ಭಾವಮೈದುನ ಅದೇ ಮನೆಯ ಹಿಂದಿನ ಕೋಣೆಯಲ್ಲಿದ್ದ. “ಸುಮ್ನೆ ಕುತೂಹಲಕ್ಕೆ ಕೇಳ್ತೀನಪ್ಪಾ, ಕೀಬೋರ್ಡಲ್ಲಿ ಗಿಟಾರ್ ಸೌಂಡ್ ಬರ್ಸೋದು ಹೇಗೆ?” ಎಂದು ಸರ್ವವಾದ್ಯ ಬೆಣ್ಣೆ ಹಚ್ಚಿದ. ನಾಚಿಕೆ ಎನ್ನುವ ಸರಕು ಆ ಪೆಟ್ಟಿಗೆಯಲ್ಲೂ ಇರಲಿಲ್ಲ, ಪೆಟ್ಟಿಗೆಯ ಯಜಮಾನನಲ್ಲೂ ಇರಲಿಲ್ಲ.

ಆ ಪುಣ್ಯಾತ್ಮ ಯಾಕೆ ಏನು ಎಂದು ಕೇಳದೆ ಎಲ್ಲ ಹೇಳಿಕೊಟ್ಟ. “ಭಾವ, ಗಿಟಾರಿಗೆ ಇರೋದು ಆರೇ ತಂತಿ. ನೀವು ಹತ್ತು ಬೆರಳೂ ಊರಿದ್ರೆ ಬರೀ ಗಲಾಟೆ. ಗುರುಗುಟ್ಟೋ ಸೌಂಡಿಗೆ ಸ ಮತ್ತು ಪ ಎರಡೇ ಸಾಕು. ಒಟ್ಟಿಗೆ ಒತ್ತಬೇಡಿ, ತಂತಿ ಮೇಲೆ ಕೈ ಜಾರಿದ ಹಾಗೆ ಒಂದರ ಹಿಂದೆ ಒಂದು ಬೀಳ್ಲಿ. ಎಡಗೈ ಸ್ವರ ಏರಿಸಿ ಇಳಿಸೋ ಆ ಪಿಚ್ ಚಕ್ರದ ಮೇಲಿರ್ಲಿ. ಕೆಳಗಿನ ಸ್ವರ ಹಿಡಿದು ಮೇಲಕ್ಕೆ ಎಳೀರಿ. ಸ್ವರದ ನಡುಕ ಆಗಿಂದಾಗ್ಲೇ ಬೇಡ, ಸ್ವರ ನೆಲೆ ನಿಂತ ಮೇಲೆ ಬರ್ಲಿ.” ಭಾವನ ಮಣಿಕಟ್ಟು ಹಿಡಿದು ಚಕ್ರ ತಿರುಗಿಸಿ ತೋರಿಸಿದ. ಶುಕ್ರವಾರದ ಹೊತ್ತಿಗೆ ಜೀರುಂಡೆ ಸತ್ತು ಗಿಟಾರ್ ಹುಟ್ಟಿತ್ತು. “ತಮ್ಮಾ, ನುಡಿಸಿದ್ದು ಸಾಕು, ಊಟಕ್ಕೆ ಬಾರೋ” ಎಂದು ಹೆಂಡತಿ ಕೂಗಿದಾಗ ಕೀಬೋರ್ಡಿನ ಮುಂದೆ ಕೂತಿದ್ದ ಸರ್ವವಾದ್ಯನಿಗೆ ಸ್ವರ್ಗ ಮೂರೇ ಗೇಣು.

ಶನಿವಾರ ಹಾಲ್‌ನಲ್ಲಿ ಕುರ್ಚಿಗಳಿನ್ನೂ ಮೇಜಿನ ಮೇಲೆ ಮಗುಚಿದ್ದವು. ಮ್ಯಾನೇಜರ ಬಾಗಿಲು ಮುಚ್ಚಿತು. ಸರ್ವವಾದ್ಯ ಮೊದಲು ನುಡಿಸಿದ, ಅಬ್ಬಾ, ಏನು ನುಡಿಸಿದ! ಭಾವಮೈದುನ ಬೆರಗಾಗಿ ಕೇಳಿದ. ಆಮೇಲೆ ವಿಷಯ ಹೊಳೆದು ಅವನ ಮುಖ ಸಣ್ಣದಾಯಿತು. ತನ್ನ ಸರದಿ ಬಂದಾಗ ಅವನ ಕೈ ಬೆವೆತಿತ್ತು. ತಂತಿ ಎರಡು ಸಲ ಕಿರುಗುಟ್ಟಿತು.

ಮ್ಯಾನೇಜರು ಹೊರಬಂದು ನೇರ ಭಾವಮೈದುನನ ಕೈ ಕುಲುಕಿದರು. “ಮೊದಲು ನುಡಿಸಿದ್ರಲ್ಲ, ಆಹಾ! ಗಿಟಾರ್ ಅಂದ್ರೆ ಅದು. ಕೆಲಸ ನಿಮ್ಮದೇ.” ಸರ್ವವಾದ್ಯನತ್ತ ತಿರುಗಿದರು. “ಬೇಜಾರು ಮಾಡ್ಕೋಬೇಡಿ. ಎರಡನೇದು ಪೆಟ್ಟಿಗೆ ಸೌಂಡು ಅಂತ ಕೇಳಿದ ತಕ್ಷಣ ಗೊತ್ತಾಯ್ತು.”

“ಸಾರ್, ಮೊದಲು ನುಡಿಸಿದ್ದು ನಾನು!” ಸರ್ವವಾದ್ಯ ಹೌಹಾರಿ, ಅವರ ಕಣ್ಣೆದುರಿಗೇ ಕೂತು ಮತ್ತೆ ನುಡಿಸಿದ. ಒಂದು ಎಳೆ ಹೆಚ್ಚುಕಮ್ಮಿಯಾಗಲಿಲ್ಲ. ಮ್ಯಾನೇಜರು ಅವನ ಬೆರಳುಗಳನ್ನೇ ನೋಡುತ್ತ ಮೂಗು ಮುರಿದರು. “ನೋಡಿ, ಕೀಬೋರ್ಡ್ ಅಂತ ಎದ್ದು ಕಾಣ್ತಾ ಇದೆಯಲ್ರೀ.”

“ನೀನಾದ್ರೂ ಹೇಳೋ!”

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೂ ಭಾವಮೈದುನ ಹೇಳಿದ: “ಹೌದು ಸಾರ್. ಮೊದಲು ನುಡಿಸಿದ್ದು ಭಾವನೇ.”

ಮ್ಯಾನೇಜರ ಕಣ್ಣು ತುಂಬಿ ಬಂತು. “ಅಕ್ಕನ ಗಂಡನಿಗೋಸ್ಕರ ಕೈಗೆ ಬಂದ ಕೆಲಸಾನೇ ಬಿಟ್ಟುಕೊಡ್ತಾ ಇದಾರೆ! ಇಂಥವರನ್ನ ನಾನು ಬಿಡ್ತೀನಾ?” ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇಬ್ಬರೂ ವೈರು ಸುತ್ತತೊಡಗಿದರು. ಭಾವಮೈದುನ ನಾಲ್ಕು ಮಾತು ಬೈದಿದ್ದರೆ ಸರ್ವವಾದ್ಯನಿಗೆ ಎಷ್ಟೋ ಹಗುರವಾಗುತ್ತಿತ್ತು. ತಡೆಯಲಾರದೆ ತಾನೇ ಒದರಿದ: “ನಿನ್ನನ್ನ ತೆಗೆಸೋಕೇ ಕಲಿತೆ ಕಣೋ.”

“ಗೊತ್ತಾಯ್ತು ಭಾವ.” ಭಾವಮೈದುನ ತಲೆಯೆತ್ತಲಿಲ್ಲ. “ಒಂದನೇ ತಾರೀಖಿಂದ ಅವರು ಕೇಳೋದು ನೀವು ನುಡಿಸಿದ ಆ ಗಿಟಾರನ್ನೇ. ನನ್ನ ಕೈಗೆ ಅದು ಬರಲ್ಲ. ಒಂದು ವಾರ ಹೇಳಿಕೊಡ್ತೀರಾ?”

ಸರ್ವವಾದ್ಯ ಸುತ್ತಿದ್ದ ವೈರನ್ನು ಬಿಚ್ಚಿ ಮತ್ತೆ ಸಿಕ್ಕಿಸಿದ.

“ಕೂತ್ಕೋ,” ಎಂದ. “ಮೊದಲು ಆ ತಂತಿ ಶ್ರುತಿ ಮಾಡ್ಕೋ.”