ಇನ್ನೂರು ಪಾರಿವಾಳ, ಒಂದು ಮೀಸೆ

ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಇಪ್ಪತ್ತಾರು ವರ್ಷ ಕೂತವರಿಗೆ ಎರಡು ವಿಷಯದಲ್ಲಿ ಸಂಶಯ ಇರುವುದಿಲ್ಲ. ಒಂದು, ತಮ್ಮ ಬೋರ್ಡಿನ ಮೇಲೆ ಕೆಂಪಗೆ ಹೊಳೆಯುವ ಅಂಕಿ ಸರಿ. ಎರಡು, ಲಾರಿಯವರು ಹೇಳುವುದು ಸರಿಯಲ್ಲ. ನಮ್ಮ ಮೀಸೆ ಸಾರ್‌ಗೆ ಇವೆರಡರ ಜೊತೆ ಮೀಸೆಯೂ ಇತ್ತು. "ಒಂದು ಟನ್ ಜಾಸ್ತಿ ಇದೆ, ಇಳಿಸು" ಅನ್ನುವಾಗ ಮಾತಿಗಿಂತ ಮೊದಲು ಅದು ಅಲುಗುತ್ತಿತ್ತು. ಅರ್ಧ ಜನ ಅಷ್ಟಕ್ಕೇ ಇಳಿಸಿಬಿಡುತ್ತಿದ್ದರು.

ಹೆಂಡತಿಗೆ ಮಾತ್ರ ಅದರ ಮೇಲೆ ಗೌರವವಿರಲಿಲ್ಲ. ಆಕೆ ಟೈಲರ್. ಎಲ್ಲಿ ಏನು ಉದ್ದವಾಗಿದೆ ಎಂದು ನೋಡುವುದೇ ಕೆಲಸ. ಕಾಫಿ ಲೋಟದ ಅಂಚಿನಿಂದ ಕೂದಲು ಹೆಕ್ಕುತ್ತಾ, "ಒಂದಿನ ಕತ್ತರಿಸ್ತೀನಿ ನೋಡ್ತಾ ಇರಿ" ಎಂದು ಮದುವೆಯಾದ ವರ್ಷದಿಂದ ಹೇಳುತ್ತಲೇ ಇದ್ದಳು.

ಮಧ್ಯಾಹ್ನ ಲಾರಿ ಕಡಿಮೆ. ಆ ಹೊತ್ತಿನಲ್ಲಿ ಸಾರ್ ಫೋನಿನಲ್ಲಿ 'ವಿಜ್ಞಾನ, ತಂತ್ರಜ್ಞಾನ, ರಾಜಕೀಯ: ಸಭ್ಯ ಚರ್ಚೆ' ಎಂಬ ಗುಂಪಿಗೆ ಹೋಗುತ್ತಿದ್ದರು. ಮೊದಲೆರಡರ ಬಗ್ಗೆ ಶುರುವಾದದ್ದು ನಾಲ್ಕನೇ ಕಾಮೆಂಟಿಗೆ ಮೂರನೆಯದಕ್ಕೆ ಬಂದು ನಿಲ್ಲುತ್ತಿತ್ತು. ಸಭ್ಯ ಎಂಬ ಮಾತನ್ನು ಯಾರು ಬರೆದರೋ, ಅವರು ಗುಂಪು ಬಿಟ್ಟು ವರ್ಷವಾಗಿತ್ತು.

ಅಲ್ಲಿ 'ಕಹಿಸತ್ಯ' ಎಂಬ ಹೆಸರಿನವನೊಬ್ಬ ಒಂದು ದಿನ ಕೇಳಿದ: ಮುಚ್ಚಿದ ಲಾರಿಯಲ್ಲಿ ಇನ್ನೂರು ಪಾರಿವಾಳ ಇವೆ. ಎಲ್ಲವೂ ಒಟ್ಟಿಗೆ ಹಾರಿದರೆ ಲಾರಿಯ ತೂಕ ಕಡಿಮೆ ಆಗುತ್ತದೋ ಇಲ್ಲವೋ? ಆಗುತ್ತದೆ ಎಂದು ಉತ್ತರವನ್ನೂ ಅವನೇ ಕೊಟ್ಟ.

ಸಾರ್ ಬರೆದರು: "ಆಗಲ್ಲ. ರೆಕ್ಕೆ ಗಾಳಿಯನ್ನು ಕೆಳಕ್ಕೆ ಒತ್ತುತ್ತೆ, ಆ ಗಾಳಿ ಲಾರಿಯ ತಳವನ್ನು ಒತ್ತುತ್ತೆ. ನಾನು ವೇಬ್ರಿಡ್ಜಿನವನು."

"ಸರ್ಕಾರದ ತಕ್ಕಡಿಯವರು ಹೀಗೇ ಹೇಳಬೇಕಲ್ಲ" ಎಂದ ಕಹಿಸತ್ಯ.

ಮುಂದಿನ ಮೂರು ದಿನ ಗುಂಪು ಎರಡಾಯಿತು. ಪಾರಿವಾಳ ಯಾವ ಪಕ್ಷದ್ದು ಎಂದು ಒಬ್ಬ ಕೇಳಿದ. ಹಿಂದಿನ ಸರ್ಕಾರ ಇದ್ದಾಗ ಪಾರಿವಾಳ ಹಾರುತ್ತಿದ್ದವು, ಈಗ ಹಾರುವ ಹಾಗಿದೆಯೇ ಎಂದು ಇನ್ನೊಬ್ಬ. ಈ ಭರಾಟೆಯಲ್ಲಿ ಮೀಸೆ ಸಾರ್‌ಗೆ ಪಿತ್ತ ನೆತ್ತಿಗೇರಿತು. "ಭಾನುವಾರ ನನ್ನ ಬ್ರಿಡ್ಜಿನ ಮೇಲೆ, ನೇರ ಪ್ರಸಾರದಲ್ಲಿ ತೂಗಿ ತೋರಿಸ್ತೀನಿ. ಹತ್ತು ಕೆಜಿ ಕಡಿಮೆಯಾದರೂ ಅಲ್ಲೇ, ಆಗಲೇ ನನ್ನ ಮೀಸೆ ತೆಗೀತೀನಿ!"

"ಕಡಿಮೆ ಆಗದಿದ್ದರೆ ನಾನು ಒಂದು ತಿಂಗಳು 'ಸೋತಸತ್ಯ' ಅಂತ ಹೆಸರು ಇಟ್ಕೋತೀನಿ" ಎಂದು ಕಹಿಸತ್ಯ ಒಪ್ಪಿದ.

ಹೆಂಡತಿ ಅದನ್ನು ಓದಿದಳು. ಕತ್ತರಿಗೆ ಸಾಣೆ ಹಿಡಿಸಿಕೊಂಡು ಬಂದಳು.

ಪಾರಿವಾಳಕ್ಕೆ ಕಷ್ಟವಿರಲಿಲ್ಲ. ಆಕೆಯ ತಮ್ಮ ಪಂದ್ಯದ ಪಾರಿವಾಳ ಸಾಕುವವ. "ಭಾವ, ಒಂದೊಂದೂ ಮುನ್ನೂರೈವತ್ತು ಗ್ರಾಂ. ಇನ್ನೂರಕ್ಕೆ ಎಪ್ಪತ್ತು ಕೆಜಿ. ಇವಕ್ಕೆ ಏನಾದ್ರೂ ಆದ್ರೆ ಅಕ್ಕನ ಮುಖ ನೋಡಿ ಸುಮ್ಮನಿರಲ್ಲ" ಎಂದು ಎಚ್ಚರಿಸಿ ಎಲ್ಲವನ್ನೂ ತಂದು ಮುಚ್ಚಿದ ಲಾರಿಯೊಳಗೆ ಬಿಟ್ಟ. ಪಾಪ, ಪ್ರಸಾರಕ್ಕೆ ಫೋನು ಹಿಡಿಯುವ ಕೆಲಸವೂ ಅವನಿಗೇ ಬಿತ್ತು.

ಲಾರಿ ಓಡಿಸಿದ್ದು ಸಾರ್‌ಗೆ ಹದಿನೆಂಟು ವರ್ಷದ ಪರಿಚಯದ ಡ್ರೈವರ್. ಮೆಲ್ಲಗೆ ತಂದು ಬ್ರಿಡ್ಜಿನ ಮೇಲೆ ನಿಲ್ಲಿಸಿದ.

"ಬಾಗಿಲು ತೆಗೀಬೇಡ, ಹಕ್ಕಿ ಬೆದರ್ತವೆ. ಅಲುಗಾಡದೆ ಕೂತ್ಕೋ" ಎಂದರು ಸಾರ್.

"ಆಯ್ತು ಸಾರ್. ಉಸಿರಾಡಬಹುದಾ?"

"ಸ್ವಲ್ಪ ಆಡು."

ಬೋರ್ಡಿನ ಮೇಲೆ ೬೪೩೦. ತೂಕದ ಕ್ಯಾಬಿನ್ನಿನ ಹೊರಗೆ ಸಾರ್, ಹೆಂಡತಿ, ಬಾಮೈದ ಮೂವರೂ ಅದನ್ನೇ ನೋಡುತ್ತಾ ನಿಂತರು. ಫೋನು ಕೂಡ. ಪ್ರಸಾರ ನೋಡುತ್ತಿದ್ದವರು ನಾಲ್ಕು ಸಾವಿರ ಜನ.

"ಹಾರಿಸಿ" ಎಂದು ಕಹಿಸತ್ಯ ಬರೆದ.

ಹಕ್ಕಿ ಬೆದರಿಸಲು ಸಾರ್ ಹತ್ತಿರ ಇದ್ದ ದೊಡ್ಡ ಸದ್ದು ಒಂದೇ. ಕ್ಯಾಬಿನ್ನಿನ ಗಂಟೆ, ದಿನಕ್ಕೆ ನೂರು ಸಲ ಒತ್ತುವ ಅದೇ ಗಂಟೆ. ಕೈ ಚಾಚಿ ಒತ್ತಿದರು. ಟ್ರ್‌ರ್‌ರ್! ಲಾರಿಯೊಳಗೆ ಇನ್ನೂರು ಜೊತೆ ರೆಕ್ಕೆ ಒಂದೇ ಸಲಕ್ಕೆ ಬಡಿದವು. ಅಂಕಿ ತಡಬಡಾಯಿಸಿ, ಕುಣಿದು, ನಿಂತಿತು.

೬೩೬೦.

ಲೆಕ್ಕಕ್ಕೆ ಸರಿಯಾಗಿ ಎಪ್ಪತ್ತು ಕೆಜಿ ಮಾಯ.

ಫೋನಿನಲ್ಲಿ ಕಾಮೆಂಟುಗಳು ಜಲಪಾತದ ಹಾಗೆ ಸುರಿದವು. ಒಬ್ಬ ಇದನ್ನು ಕ್ರಾಂತಿ ಎಂದ. ಒಬ್ಬ ಸಾರಿಗೆ ಸಚಿವರ ರಾಜೀನಾಮೆ ಕೇಳಿದ. "ಕತ್ತರಿ! ಕತ್ತರಿ!" ಎಂದು ಸಾವಿರ ಜನ. ಸಾರ್ ಅಂಕಿಯನ್ನು ನೋಡುತ್ತಾ ನಿಂತರು, ಸಾಕಿದ ನಾಯಿ ತಮ್ಮನ್ನೇ ಕಚ್ಚಿದವರ ಹಾಗೆ. ಬೋರ್ಡು ತಪ್ಪು ಎನ್ನೋಣವೆಂದರೆ ಇಪ್ಪತ್ತಾರು ವರ್ಷ ಹೋಯಿತು. ಬೋರ್ಡು ಸರಿ ಎಂದರೆ ಮೀಸೆ ಹೋಯಿತು.

ಬಾಮೈದ ಮಾತ್ರ ಕೇಳಿದ: "ಭಾವ, ಎರಡು ನಿಮಿಷ ಆಯ್ತು. ಇನ್ನೂ ಹಾರ್ತಾ ಇವೆಯಾ? ನನ್ನ ಪಾರಿವಾಳ ಇಷ್ಟೊತ್ತು ಹಾರಿದ್ದರೆ ಹೋದ ವರ್ಷದ ಪಂದ್ಯ ಗೆಲ್ತಿದ್ವಲ್ಲ?"

ಯಾರೂ ಕಿವಿಗೊಡಲಿಲ್ಲ.

"ಕತ್ತರಿಸೇ" ಎಂದರು ಸಾರ್ ಹೆಂಡತಿಗೆ. "ನುಡಿದ ಮೇಲೆ ಮುಗೀತು." ಕಣ್ಣು ಬೋರ್ಡಿನ ಮೇಲೇ ಇತ್ತು.

"ಅಲುಗಬೇಡಿ, ತುಟಿ ಹೋದೀತು." ಇಷ್ಟು ವರ್ಷದ ಆಸೆ. ಕಚಕ್ ಕಚಕ್. ಎಡಗಡೆ ಪೂರ್ತಿ ನೆಲಕ್ಕೆ ಬಿತ್ತು.

ಅಷ್ಟರಲ್ಲಿ ಅಂಕಿ ಅಲುಗಿತು. ೬೪೩೦.

"ನಿಲ್ಲೂ!" ಸಾರ್ ಕೂಗಿದ್ದಕ್ಕೆ ಕತ್ತರಿ ಗಾಳಿಯಲ್ಲೇ ನಿಂತಿತು. ಎಲ್ಲರೂ ಲಾರಿಯ ಕಡೆ ತಿರುಗಿದರು. ಡ್ರೈವರ್ ಸೀಟಿನ ಮೇಲೆ ಹುಡುಕಾಡುತ್ತಾ, "ಫೋನು ಒಳಗೇ ಬಿಟ್ಟಿದ್ದೆ ಸಾರ್. ನಿಮ್ಮದೊಂದು ಫೋಟೋ ಹಿಡಿಯೋಣ ಅಂತ ಹತ್ತಿದೆ" ಎಂದ.

"ಹತ್ತಿದ್ಯಾ? ಮತ್ತೆ ಇಳಿದಿದ್ದು ಯಾವಾಗ?"

"ಗಂಟೆ ಹೊಡೆದ್ರಲ್ಲ ಸಾರ್!"

ಕ್ಯಾಬಿನ್ನಿನ ಗಂಟೆ ಆದರೆ ಡ್ರೈವರ್ ಇಳಿಯಬೇಕು. ಡ್ರೈವರ್ ಇಲ್ಲದ ತೂಕವೇ ತೂಕ. ಈ ಬ್ರಿಡ್ಜಿನ ಮೊದಲ ನಿಯಮ ಅದು. ಹದಿನೆಂಟು ವರ್ಷ ಬೈದು ಬೈದು ಕಲಿಸಿದವರು ಇದೇ ಮೀಸೆ ಸಾರ್. ಆಚೆ ಬದಿಯ ಬಾಗಿಲಿನಿಂದ ಅವನು ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿದಿದ್ದ.

"ನಿನ್ನ ತೂಕ ಎಷ್ಟಯ್ಯಾ?"

"ಊಟಕ್ಕೆ ಮುಂಚೆ ಎಪ್ಪತ್ತು ಸಾರ್."

ಬಾಮೈದ ಫೋನು ಹಿಡಿದುಕೊಂಡೇ ನೆಲಕ್ಕೆ ಕೂತು ನಕ್ಕ. ನಾಲ್ಕು ಸಾವಿರ ಜನ ಸ್ವಲ್ಪ ಹೊತ್ತು ಆಕಾಶ ಮಾತ್ರ ನೋಡಿದರು. ಹೆಂಡತಿಯ ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಬಾಯಿಗೆ ಒತ್ತಿದ ಸೆರಗು.

ಮತ್ತೆ ತೂಗಿದರು. ಈ ಸಲ ಡ್ರೈವರನ ಪಕ್ಕದಲ್ಲಿ ಬಾಮೈದ ಕೂತು ಅವನ ಭುಜ ಒತ್ತಿ ಹಿಡಿದ. ಫೋನು ಅಕ್ಕನ ಕೈಗೆ. ಗಂಟೆ ಆಯಿತು. ಡ್ರೈವರ್ ಅರ್ಧ ಎದ್ದು ಮತ್ತೆ ಕೂತ. ರೆಕ್ಕೆ ಬಡಿದವು. ಅಂಕಿ ಒಂದು ಸಲ ಕುಣಿದು ಗಂಟೆಗೆ ಮುಂಚೆ ಇದ್ದಲ್ಲಿಗೇ ಬಂದು ಕಲ್ಲಿನ ಹಾಗೆ ನಿಂತಿತು. ಇನ್ನೂ ಮೂರು ಸಲ ಒತ್ತಿದರು, ಮೂರು ಸಲವೂ ಅಷ್ಟೇ.

ಫೋನಿನಲ್ಲಿ ಕಹಿಸತ್ಯನ ಹೆಸರು ಬದಲಾಯಿತು: ಸೋತಸತ್ಯ.

"ಗೆದ್ರಿ" ಎಂದಳು ಹೆಂಡತಿ. "ಬನ್ನಿ, ಬಲಗಡೆಯದೂ ತೆಗೆದುಬಿಡ್ತೀನಿ. ಈ ಮುಖ ಹೊತ್ಕೊಂಡು ನಾಳೆ ಕೆಲಸಕ್ಕೆ ಹೋಗಕ್ಕಾಗುತ್ತಾ?"

"ತೆಗೆದ್ರೆ ಸೋತ ಹಾಗೆ ಆಗುತ್ತೆ."

"ಮತ್ತೆ ಹೀಗೇ ಇರ್ತೀರಾ?"

"ಇನ್ನೊಂದು ಕಡೆ ಬೆಳೆಯೋವರೆಗೆ."

ಇದ್ದರು ಕೂಡ. ಲಾರಿಯವರು ಅರ್ಧ ಮೀಸೆ ನೋಡಿ, ಈ ಮನುಷ್ಯ ಯಾವುದಕ್ಕೂ ಹೇಸುವವನಲ್ಲ ಎಂದುಕೊಂಡು, ಕೇಳುವ ಮುಂಚೆಯೇ ಸರಕು ಇಳಿಸಿದರು.

ಬುಧವಾರ ಮಧ್ಯಾಹ್ನ ಗುಂಪಿನಲ್ಲಿ ಸೋತಸತ್ಯ ಒಂದು ಫೋಟೋ ಹಾಕಿದ. ಅವನ ಮುಖ ಯಾರೂ ನೋಡಿದ್ದಿಲ್ಲ. ಐವತ್ತರ ಆಸುಪಾಸು, ಕನ್ನಡಕ, ದಪ್ಪ ಮೀಸೆ. ಅದೂ ಅರ್ಧ. ಕೆಳಗೆ ಬರೆದಿದ್ದ: "ಸಾರ್, ನನ್ನ ಮಾತಿನಿಂದ ನಿಮ್ಮ ಎಡಗಡೆ ಹೋಯಿತು. ಮನಸ್ಸು ತಡೆಯಲಿಲ್ಲ. ನಾನು ಬಲಗಡೆ ತೆಗೆದಿದ್ದೇನೆ. ಇಬ್ಬರದೂ ಸೇರಿದರೆ ಒಂದಾಯಿತಲ್ಲ."

ಊಟದ ಡಬ್ಬಿ ತಂದಿದ್ದ ಹೆಂಡತಿ ಅದನ್ನು ನೋಡಿ ಕರಗಿದಳು. "ಎಷ್ಟು ಒಳ್ಳೆಯವರು ರೀ! ಏನಾದ್ರೂ ನಾಲ್ಕು ಒಳ್ಳೆ ಮಾತು ಬರೀರಿ."

ಸಾರ್ ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಉಳಿದಿದ್ದ ಅರ್ಧ ಮೀಸೆ ಅಲುಗಿತು. ಬರೆದರು: "ಧನ್ಯವಾದ. ಆದರೆ ನೀವು ಫೋಟೋ ತೆಗೆದಿರುವುದು ಕನ್ನಡಿಯಲ್ಲಿ, ನಿಮ್ಮ ಹಿಂದಿನ ಕ್ಯಾಲೆಂಡರಿನ ಅಕ್ಷರ ತಿರುಗಾಮುರುಗಾ ಇದೆ. ಆ ಕನ್ನಡಿ ನೋಡಿಕೊಂಡು ನೀವು ಕತ್ತರಿಸಿರುವುದು ಎಡಗಡೆಯದ್ದೇ."

ಅರೆಕ್ಷಣದಲ್ಲಿ ಉತ್ತರ ಬಂತು: "ಕನ್ನಡಿ ಎಡ ಬಲ ಬದಲಿಸುವುದೇ ಇಲ್ಲ ಸಾರ್. ಅದು ನಿಮ್ಮ ಸರ್ಕಾರಿ ಪಾಠ."

ಸಾರ್ ಅಂಗಿಯ ತೋಳು ಮಡಚಿಕೊಂಡು ಕುರ್ಚಿ ಮುಂದಕ್ಕೆಳೆದರು. ಅನ್ನ ಆರುತ್ತಿತ್ತು. ಹೆಂಡತಿ ಡಬ್ಬಿಯ ಮುಚ್ಚಳ ಮತ್ತೆ ಹಾಕಿ, ಗಂಡನ ಮುಖವನ್ನು ಅಳತೆ ತೆಗೆಯುವವಳ ಹಾಗೆ ನೋಡುತ್ತಾ ಕೇಳಿದಳು:

"ಈ ಸಲ ಪಣಕ್ಕೆ ಏನಿಡ್ತೀರಿ, ಹುಬ್ಬಾ?"